ಒಣಗಿದ ಮೇಲಿನ ಬಣ್ಣ

ಬಚ್ಚಲುಮನೆಯ ಕನ್ನಡಿಗೆ ಬೆನ್ನು ಕೊಟ್ಟು ನಿಂತು, ಅಕ್ಕನ ಅಂಗೈಯಗಲದ ಕನ್ನಡಿಯನ್ನು ಕಣ್ಣೆದುರು ಹಿಡಿದುಕೊಂಡು, ಬಣ್ಣದ ಮೇಷ್ಟ್ರು ತಮ್ಮ ಬೆನ್ನನ್ನು ತಾವೇ ಹುಡುಕುತ್ತಿದ್ದರು. ಒಂದು ಸಲ ಬಾಗಿಲ ಚಿಲಕ ಕಂಡಿತು, ಇನ್ನೊಂದು ಸಲ ತಮ್ಮದೇ ಕಿವಿ ಕಂಡಿತು. ಕೊನೆಗೆ ಎರಡು ಹೆಗಲುಗಳ ನಡುವೆ, ಮೇಲಿಂದ ಬಂದ ಕೈಗೂ ಕೆಳಗಿಂದ ಬಂದ ಕೈಗೂ ಎಟುಕದ ಜಾಗದಲ್ಲಿ, ಬೇಕಾದದ್ದು ಸಿಕ್ಕಿತು. ಒಂದೇ ಒಂದು ಗುಳ್ಳೆ. ಉಳಿದವೆಲ್ಲ ಒಣಗಿ ಹಕ್ಕಳೆ ಕಟ್ಟಿದ್ದವು; ಇದೊಂದು ಮಾತ್ರ ನಿನ್ನೆ ಸಂಜೆಯವರೆಗೂ ಹಸಿಯಾಗಿತ್ತು. ಮೇಷ್ಟ್ರು ಉಸಿರು ಬಿಗಿಹಿಡಿದು ನೋಡಿದರು. ಕಂದು. ಒಳ್ಳೆಯ ಗಟ್ಟಿ ಕಂದು.

"ಆಯ್ತು, ಒಣಗಿದೆ" ಎಂದು ಗೋಡೆಗೆ ಹೇಳಿದರು.

ಸೀತಾಳೆ ಸಿಡುಬು ಮೈಮೇಲೆದ್ದು ಅಂದಿಗೆ ಆರನೆಯ ದಿನ. ನಲವತ್ತೇಳನೆಯ ವಯಸ್ಸಿನಲ್ಲಿ ಮಕ್ಕಳ ಕಾಯಿಲೆ ಬಂದರೆ ನೋಡಿದವರಿಗೆಲ್ಲ ನಗು ಬರುತ್ತದೆ, ಬಂದವನೊಬ್ಬನನ್ನು ಬಿಟ್ಟು. ಮೇಲಿನ ಮನೆಯ ಮಗು ಆಡುತ್ತ ಆಡುತ್ತ ಕೊಟ್ಟುಹೋದದ್ದು. ಆ ಮಗು ನಾಲ್ಕು ದಿನ ಮಲಗಿ ಐದನೆಯ ದಿನ ಮೆಟ್ಟಿಲ ಮೇಲೆ ಕುಣಿಯುತ್ತಿತ್ತು. ಮೇಷ್ಟ್ರು ಮಾತ್ರ ಮೂರು ದಿನ ಜ್ವರದಲ್ಲಿ ಬೆಂದು, ಇದ್ದದ್ದರಲ್ಲಿ ಅರ್ಧ ಆಗಿದ್ದರು.

ಅವರದು ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿ ಬಣ್ಣ ಹೊಂದಿಸುವ ಕೆಲಸ. ಯಾರೋ ಒಂದು ಚಿಂದಿ ತಂದು "ಇದೇ ಬಣ್ಣ ಬೇಕು" ಅನ್ನುತ್ತಾರೆ. ಯಾವ ಪುಡಿ ಎಷ್ಟು ಚಿಟಿಕೆ ಅಂತ ಹೇಳಬೇಕಾದವರು ಇವರು. ಇಪ್ಪತ್ತಮೂರು ವರ್ಷದಿಂದ ಹೇಳುತ್ತಿದ್ದರು, ತಪ್ಪಿದ್ದು ಕಡಿಮೆ. ಅವರ ಎರಡು ನಿಯಮಗಳು ಕಾರ್ಖಾನೆಯಲ್ಲಿ ಎಲ್ಲರಿಗೂ ಬಾಯಿಪಾಠ. ದೀಪದ ಕೆಳಗೆ ಬಣ್ಣ ನೋಡಬಾರದು, ಬಯಲ ಬೆಳಕಿಗೆ ತರಬೇಕು. ಒದ್ದೆ ಬಟ್ಟೆಯ ಬಣ್ಣ ಹೇಳಬಾರದು, ಒಣಗುವವರೆಗೆ ಬಾಯಿ ಮುಚ್ಚಿಕೊಂಡಿರಬೇಕು. "ಒದ್ದೆ ಬಟ್ಟೆ ಸುಳ್ಳು ಹೇಳುತ್ತೆ, ಹಳದಿ ಬಲ್ಬು ಅದರಪ್ಪನಂಥ ಸುಳ್ಳು ಹೇಳುತ್ತೆ" ಎಂದು ಹೊಸಬರನ್ನು ಬೈಯುವುದು ಅವರ ವಾಡಿಕೆ. ಆದರೆ ದೀಪದ ಬುಡದಲ್ಲೇ ಕತ್ತಲೆ ಅಂತಾರಲ್ಲ, ಆ ಬಚ್ಚಲುಮನೆಗೆ ಕಿಟಕಿಯಿರಲಿಲ್ಲ. ಇದ್ದದ್ದು ಒಂದು ಹಳೆಯ ಹಳದಿ ಬಲ್ಬು.

ಮೊದಲನೆಯ ದಿನವೇ ಡಾಕ್ಟರಮ್ಮನಿಗೆ ಫೋನು ಮಾಡಿ, "ಎಷ್ಟು ದಿನ ರಜ ಹಾಕ್ಬೇಕು?" ಎಂದು ಕೇಳಿದ್ದರು.

"ದಿನ ಕೇಳ್ಬೇಡಿ" ಅಂದಿದ್ದರು ಡಾಕ್ಟರಮ್ಮ. "ಐದಾಗ್ಬಹುದು, ಏಳಾಗ್ಬಹುದು, ದೊಡ್ಡವರಿಗೆ ಇನ್ನೂ ಒಂದೆರಡು ಹೆಚ್ಚೇ ಹಿಡೀಬಹುದು. ಕ್ಯಾಲೆಂಡರ್ ನೋಡೋದಲ್ಲ, ಮೈ ನೋಡ್ಕೋಬೇಕು. ಕಟ್ಟಕಡೇ ಗುಳ್ಳೆ ಒಣಗಿ ಹಕ್ಕಳೆ ಕಟ್ಟೋವರೆಗೂ ಕೆಲಸಕ್ಕೆ ಹೋಗೋ ಹಾಗಿಲ್ಲ. ಅಲ್ಲಿ ನಿಮ್ಮ ಜೊತೆ ಬಸುರಿ ಹೆಂಗಸರು ಯಾರಾದ್ರೂ ಇದಾರಾ?"

ಇದ್ದಳು. ಬಣ್ಣದ ಕೋಣೆಯಲ್ಲಿ, ಅವರ ಮೊಣಕೈಗೆ ಮೊಣಕೈ ತಾಗುವಷ್ಟು ಹತ್ತಿರದಲ್ಲಿ, ಚೀಟಿ ಕೂರುತ್ತಿದ್ದಳು. ಪ್ರತಿ ಚಿಂದಿಗೂ ಒಂದು ಚೀಟಿ ಬರೆದು ಪಿನ್ನು ಚುಚ್ಚುತ್ತಾಳೆಂದು ಅವಳಿಗೆ ಆ ಹೆಸರೇ ನಿಂತುಬಿಟ್ಟಿತ್ತು. ನಾಲ್ಕು ವರ್ಷದಿಂದ ಮೇಷ್ಟ್ರ ಕೈಕೆಳಗೆ ಕಲಿತವಳು. ಅವಳಿಗೆ ಈಗ ಐದನೆಯ ತಿಂಗಳು. ಹಿಂದೆ ಎರಡು ಸಲ ಬಸಿರು ನಿಂತು, ಉಳಿಯದೆ ಹೋಗಿತ್ತು. ಈ ಸಲ ಗಂಡನನ್ನು ಬಿಟ್ಟರೆ ಗೊತ್ತಿದ್ದದ್ದು ಮೇಷ್ಟ್ರೊಬ್ಬರಿಗೆ, ಅದೂ ಬಣ್ಣದ ತೊಟ್ಟಿಗಳ ಹೊಗೆಯ ಹತ್ತಿರ ತನ್ನನ್ನು ಕಳಿಸಬೇಡಿ ಎಂದು ಕೇಳಬೇಕಾಗಿ ಬಂದದ್ದರಿಂದ.

"ಕಾರ್ಖಾನೆ ಯಜಮಾನ್ರಿಗೆ ಈಗ್ಲೇ ಹೇಳೋದು ಬೇಡ ಮೇಷ್ಟ್ರೆ" ಅಂದಿದ್ದಳು ಆವತ್ತು, ಪಿನ್ನುಗಳ ಡಬ್ಬಿ ನೋಡುತ್ತ. "ಎರಡು ಸಲ ಎಲ್ರಿಗೂ ಖುಷಿಯಿಂದ ಹೇಳ್ದೆ. ಆಮೇಲೆ ಎಲ್ರಿಗೂ ಇನ್ನೊಂದ್ಸಲ ಹೇಳ್ಬೇಕಾಯ್ತು."

ಮೈಮೇಲೆ ಕಾಣುವ ಎರಡು ದಿನ ಮುಂಚಿನಿಂದಲೇ ಇದು ಹರಡುತ್ತದೆ ಅಂತಲೂ ಡಾಕ್ಟರಮ್ಮ ಹೇಳಿದಾಗ, ಮೇಷ್ಟ್ರು ಬೆರಳು ಮಡಿಸಿ ಮಡಿಸಿ ಹಿಂದಕ್ಕೆ ಎಣಿಸಿದ್ದರು. ಬಾಯ್ಲರ್ ತೊಳೆಯಲೆಂದು ಕಾರ್ಖಾನೆ ಅದಕ್ಕೆ ಹಿಂದಿನ ನಾಲ್ಕು ದಿನ ಮುಚ್ಚಿತ್ತು. ಆ ನಾಲ್ಕು ದಿನ ಅವಳ ನೆರಳೂ ಇವರ ಮೇಲೆ ಬಿದ್ದಿರಲಿಲ್ಲ. ಅಬ್ಬಾ ಎಂದು ಕೂತುಬಿಟ್ಟಿದ್ದರು. ಆಮೇಲೆ ಚೀಟಿಗೆ ಫೋನು.

"ನಿಂಗೆ ಚಿಕ್ಕವಳಿದ್ದಾಗ ಸೀತಾಳೆ ಬಂದಿತ್ತೇನಮ್ಮ?"

"ಇಲ್ಲ ಮೇಷ್ಟ್ರೆ. ಮೊನ್ನೆ ರಕ್ತ ಪರೀಕ್ಷೆಲೂ ಬಂದಿಲ್ಲ ಅಂತಲೇ ಗೊತ್ತಾಯ್ತು. ಯಾಕೆ?"

"ಹಾಗಾದ್ರೆ ನಾನು ಪೂರಾ ವಾಸಿ ಆಗೋವರೆಗೂ ಆ ಕಡೆ ತಲೆ ಹಾಕಲ್ಲ ಬಿಡು" ಅಂದಿದ್ದರು ಮೇಷ್ಟ್ರು. ಮಾತು ಕೊಟ್ಟ ಹಾಗೇ ಆಯಿತು.

ಆಮೇಲಿನ ಮೂರು ದಿನ ಎಲ್ಲಿ ಹೋದವೋ ಅವರಿಗೆ ಸರಿಯಾಗಿ ತಿಳಿಯದು. ಮಧ್ಯಾಹ್ನದ ಬೆಳಕು ಕಿಟಕಿಯಿಂದ ಬಂದು ಗೋಡೆಯ ಮೇಲೆ ನಿಧಾನವಾಗಿ ನಡೆಯುತ್ತಿತ್ತು, ನಡೆಯುತ್ತ ನಡೆಯುತ್ತ ಬಣ್ಣ ಬದಲಿಸುತ್ತಿತ್ತು. ಅಕ್ಕ ಹಚ್ಚುವ ಔಷಧದ ಗುಲಾಬಿ ಬಣ್ಣ ಅವರಿಗೆ ಒಪ್ಪಿಗೆಯಾಗಿರಲಿಲ್ಲ. "ಯಾರೋ ಅವಸರದಲ್ಲಿ ಕಲಸಿದ್ದು" ಎಂದು ಜ್ವರದಲ್ಲೇ ಗೊಣಗಿದರಂತೆ. ಒಮ್ಮೆ ತಾವೇ ಒಂದು ಬಟ್ಟೆಯ ಸುರುಳಿಯಾಗಿ ಉದ್ದಕ್ಕೆ ಬಿಚ್ಚಿಕೊಂಡಿದ್ದರು. ಚೀಟಿ ದೂರದಲ್ಲಿ ಕೂತು ಒಂದೊಂದು ಚುಕ್ಕಿಗೂ ಒಂದೊಂದು ಕಾಗದ ಬರೆಯುತ್ತಿದ್ದಳು. "ಹತ್ತಿರ ಬರ್ಬೇಡ" ಅನ್ನಲು ಬಾಯಿ ತೆರೆದರೆ ಬಟ್ಟೆಗೆಲ್ಲಿಯ ಬಾಯಿ? ಇನ್ನೊಮ್ಮೆ ಸೂರಿನ ತುಂಬ ಒಂದು ದೊಡ್ಡ ಪರದೆ ಇಳಿಯಿತು, ಸದ್ದಿಲ್ಲದೆ, ಇಳಿಯುತ್ತಲೇ ಇತ್ತು.

ಆ ಪರದೆ ಸುಮ್ಮನೆ ಬಂದದ್ದಲ್ಲ. ಹಳೆಯ ನಾಟಕಶಾಲೆಯೊಂದರ ಪರದೆಯ ಬಲಭಾಗವನ್ನು ಇಲಿ ತಿಂದು ಹಾಕಿದ್ದವು. ಎಡಭಾಗ ಗಟ್ಟಿಯಾಗಿಯೇ ಇತ್ತು, ಆದರೆ ಅರವತ್ತು ವರ್ಷದ ಬೆಳಕು ಧೂಳು ಕುಡಿದು ಅದರ ಬಣ್ಣ ಯಾವ ಡಬ್ಬಿಯಲ್ಲೂ ಇಲ್ಲದ್ದಾಗಿತ್ತು. ಹೊಸ ಬಟ್ಟೆ ಆ ಹಳೆಯದಕ್ಕೆ ಹೊಂದಬೇಕು, ಅದು ಕಾರ್ಖಾನೆಗೆ ಬಂದ ಕೆಲಸ. ಕಾಯಿಲೆಗೆ ಮುಂಚೆ ಅದರ ಅಂಚಿನಿಂದ ಎರಡು ಬೆರಳಗಲ ಕತ್ತರಿಸಿ ಮೇಷ್ಟ್ರು ಜೇಬಿಗೆ ಹಾಕಿಕೊಂಡಿದ್ದರು, ಮನಸ್ಸಿನಲ್ಲೇ ಕಲಸುತ್ತಿರೋಣ ಅಂತ.

ಜ್ವರದ ಪರದೆಯ ಆಚೆ ಅಕ್ಕ ಇದ್ದಳು, ಏಳು ವರ್ಷದವಳು. ಅವಳಿಗೆ ಆಗ ಸೀತಾಳೆ. ಅಮ್ಮ ಐದು ವರ್ಷದ ಇವರನ್ನು ಪಕ್ಕದ ಬೀದಿಯ ಚಿಕ್ಕಮ್ಮನ ಮನೆಗೆ ಸಾಗಹಾಕಿದ್ದಳು. ದಿನಾ ಸಂಜೆ ಇವರು ಬಂದು ಬೀದಿಯಲ್ಲಿ ನಿಂತು ಮೇಲೆ ನೋಡುತ್ತಿದ್ದರು. ಅಕ್ಕ ಮಹಡಿಯ ಕಿಟಕಿಯಿಂದ ಕೈ ಹೊರಗೆ ಚಾಚಿ, ಹಸಿ ಗುಳ್ಳೆ ಎಷ್ಟು ಉಳಿದಿವೆಯೋ ಅಷ್ಟು ಬೆರಳು ತೋರಿಸುತ್ತಿದ್ದಳು. ಎರಡು ಕೈ. ಒಂದು ಕೈ. ಮೂರು ಬೆರಳು. ಒಂದು ದಿನ ಬರೀ ಮುಷ್ಟಿ. ಅವತ್ತು ಮೆಟ್ಟಿಲು ಹತ್ತಿ ಓಡಿದ್ದು ಮೇಷ್ಟ್ರಿಗೆ ಇನ್ನೂ ನೆನಪಿತ್ತು. ಹಾಗೆ ಜೋಪಾನ ಮಾಡಿದ್ದಕ್ಕೇ ಈಗ ನಲವತ್ತೇಳಕ್ಕೆ ಬಂದು ಬಡಿಯಿತು ಅನ್ನುವುದು ಅಕ್ಕನ ತಮಾಷೆ.

ಜ್ವರ ಇಳಿಯಿತು, ಕಾರ್ಖಾನೆಯಿಂದ ಫೋನು ಶುರುವಾಯಿತು. ನಿನ್ನೆ ಸಂಜೆ ಯಜಮಾನರೇ ಮಾಡಿದ್ದರು.

"ಏನ್ ಮೇಷ್ಟ್ರೆ, ಮದುಮಗನ ಹಾಗೆ ಒಳಗೇ ಕೂತುಬಿಟ್ರಿ! ನನ್ನ ಭಾಮೈದನಿಗೂ ಬಂದಿತ್ತು ರೀ, ಐದನೇ ದಿನಕ್ಕೆ ಆಫೀಸಲ್ಲಿದ್ದ."

"ಇನ್ನೂ ಒಂದು ಒಣಗಿಲ್ಲ, ಯಜಮಾನ್ರೆ."

"ಒಂದಾ? ಒಂದು ಗುಳ್ಳೆಗೆ ಕಾರ್ಖಾನೆ ನಿಲ್ಲಿಸ್ಲಾ? ನಾಳೆ ಪರದೆ ತೊಟ್ಟಿಗೆ ಇಳೀಬೇಕು. ನೀವು ಬರ್ದಿದ್ರೆ ಚೀಟಿ ಕೈಲೇ ಬಣ್ಣ ಹೇಳಿಸ್ತೀನಿ. ನಾನೂರು ಮೀಟರು. ಕೆಟ್ರೆ ಅವಳ ತಲೆ ಮೇಲೆ, ಅಷ್ಟೇ."

ನಿಜವಾದ ಕಾರಣ ನಾಲಿಗೆ ತುದಿಯಲ್ಲಿತ್ತು, ಆದರೆ ಅದು ಮೇಷ್ಟ್ರ ಗುಟ್ಟಲ್ಲ. ಫೋನು ಇಟ್ಟುಬಿಟ್ಟರು. ಅಕ್ಕ ಪಕ್ಕದಲ್ಲೇ ಕೂತು, ಲೈಬ್ರರಿಯ ಹರಿದ ಪುಸ್ತಕಕ್ಕೆ ರಟ್ಟು ಅಂಟಿಸುತ್ತಿದ್ದವಳು, ಕನ್ನಡಕದ ಮೇಲಿಂದ ನೋಡಿದಳು.

"ಹೋಗು, ಹೋಗು. ತಾನೂ ಕೆಟ್ಟು ವನಾನೂ ಕೆಡಿಸ್ತಂತೆ ಕೋತಿ. ಬೆನ್ನ ಮೇಲಿಂದು ಇನ್ನೂ ನೀರಾಡ್ತಾ ಇದೆ ಕಣೋ."

"ನಾಳೆ ಹೊತ್ತಿಗೆ ಒಣಗಿರತ್ತೆ."

"ಒಣಗಿದ್ರೆ ನಾನು ಹೇಳ್ತೀನಿ. ತನ್ನ ಬೆನ್ನು ತನಗೆ ಕಾಣಲ್ಲ."

ಅದಕ್ಕೇ ಈಗ, ಅಕ್ಕ ಹಾಲು ತರಲು ಹೋದ ಹೊತ್ತು ನೋಡಿ, ಮೇಷ್ಟ್ರು ಎರಡು ಕನ್ನಡಿಗಳ ನಡುವೆ ನಿಂತಿದ್ದರು. ಚೀಟಿಯ ತಲೆ ಉಳಿಸಲೆಂದೇ ಹೋಗುತ್ತಿದ್ದೇನೆ ಎಂದು ಅವರು ತಮಗೆ ತಾವೇ ಹೇಳಿಕೊಂಡರು. ಅದು ಸುಳ್ಳಲ್ಲ. ಆದರೆ ಅದರ ಅಡಿಯಲ್ಲಿ ಇನ್ನೊಂದು ಹುಳ ಕೊರೆಯುತ್ತಿತ್ತು: ಅವಳು ಕೆಡಿಸಿದರೆ ಅನ್ನುವ ಭಯಕ್ಕಿಂತ, ಅವಳು ಸರಿಯಾಗಿಯೇ ಮಾಡಿಬಿಟ್ಟರೆ ಅನ್ನುವ ಭಯ. ಅಂಗಿ ತೊಡುತ್ತ ಜೇಬಿನ ಪರದೆಯ ಚೂರನ್ನು ತೆಗೆದು ಬಲ್ಬಿಗೆ ಹಿಡಿದರು. ಇಟ್ಟಿಗೆಯ ಬಣ್ಣ. ಇಷ್ಟು ಕೆಂಪಗಿತ್ತೇ ಇದು? ಜ್ವರದಲ್ಲಿ ಮರೆತಿರಬೇಕು ಅಂದುಕೊಂಡರು. ಮೇಜಿನ ಮೇಲೆ "ಒಣಗಿದೆ. ಕೆಲಸಕ್ಕೆ ಹೋದೆ" ಎಂದು ಬರೆದಿಟ್ಟು, ಮೂಗುಬಾಯಿಗೆ ಬಟ್ಟೆ ಸುತ್ತಿಕೊಂಡು ಹೊರಟರು.

ಆರು ದಿನದ ಮೇಲೆ ಬೀದಿ ಬಹಳ ಅಗಲವಾಗಿ ಕಂಡಿತು. ಕಾಲು ನೆಲಕ್ಕೆ ಊರುತ್ತಿತ್ತೋ ಇಲ್ಲವೋ. ಅಂಗಡಿಗಳ ಬಾಗಿಲು ಇನ್ನೂ ಮುಚ್ಚಿದ್ದವು. ಒಂದರ ಹಸಿರು ಮತ್ತೊಂದರ ಹಸಿರಿಗೆ ಹೊಂದುವುದಿಲ್ಲ ಎಂದು ಅವರ ಕಣ್ಣು ಅದರಷ್ಟಕ್ಕೇ ಹೇಳಿಕೊಂಡು ಹೋಗುತ್ತಿತ್ತು. ಒಂದು ಬೆಕ್ಕು ಗೋಡೆಯ ಮೇಲೆ ಕೂತು ಇವರು ದಾಟುವವರೆಗೂ ಕತ್ತು ತಿರುಗಿಸುತ್ತ ನೋಡಿತು. ತಲೆ ಹಗುರವಾಗಿ, ಯಾರದೋ ಕನಸಿನಲ್ಲಿ ತಾನು ನಡೆಯುತ್ತಿದ್ದೇನೆ ಅನ್ನಿಸಿ ಮೇಷ್ಟ್ರಿಗೆ ಒಂಥರಾ ಸುಖವೂ ಆಯಿತು.

ಕಾರ್ಖಾನೆಯ ಅಂಗಳದಲ್ಲಿ ಬಾಯ್ಲರ್ ತಾತ ಒಬ್ಬನೇ ಇದ್ದ. ಮುಖದ ತುಂಬ ಹಳೆಯ ಸೀತಾಳೆಯ ಕುಳಿಗಳಿದ್ದ ಮುದುಕ.

"ಏನ್ ಮೇಷ್ಟ್ರೆ, ಚುಕ್ಕಿ ಚುಕ್ಕಿ ಚಿರತೆ ಆಗ್ಬಿಟ್ಟಿದೀರಿ!"

"ಎಲ್ಲಾ ಒಣಗಿದೆ ತಾತ."

"ಒಣಗಿದ್ರೆ ಸರಿ. ನಿಮ್ಮ ಶಿಷ್ಯೆ ಆಗ್ಲೇ ಬಂದವ್ಳೆ. ಪರದೆ ಅಂತ ರಾತ್ರಿ ನಿದ್ದೆ ಬರ್ಲಿಲ್ವಂತೆ."

ಮಹಡಿಯ ಮೆಟ್ಟಿಲ ಬುಡದಲ್ಲಿ ಚೀಟಿಯ ಚಪ್ಪಲಿ ಇದ್ದವು. ಚಿಕ್ಕ ಪಾದದವು, ಒಂದರ ಪಟ್ಟಿಗೆ ದಾರದ ಹೊಲಿಗೆ. ಹನ್ನೊಂದು ಮೆಟ್ಟಿಲು ಹತ್ತಿದರೆ ಬಣ್ಣದ ಕೋಣೆ. ಮೇಷ್ಟ್ರು ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟರು. ಹತ್ತುವ ಮುಂಚೆ ಜೇಬಿನ ಚಿಂದಿಯನ್ನು ಒಮ್ಮೆ ಅಂಗಳದ ಬೆಳಕಿನಲ್ಲಿ ನೋಡಿಕೊಳ್ಳುವುದು ಇಪ್ಪತ್ತಮೂರು ವರ್ಷದ ರೂಢಿ. ಮನಸ್ಸು ಹೇಳಬೇಕಾಗಿರಲಿಲ್ಲ, ಕೈ ತಾನಾಗಿ ತೆಗೆಯಿತು.

ಇಟ್ಟಿಗೆಯ ಬಣ್ಣ ಇರಲಿಲ್ಲ. ಬೆರಳ ನಡುವೆ ಇದ್ದದ್ದು ಒಣಗಿದ ಬದನೆಕಾಯಿ ಸಿಪ್ಪೆಯ ಮೇಲೆ ಬೂದಿ ಉದುರಿದಂಥ ನಸುನೇರಳೆ, ತಣ್ಣಗಿನ ಬಣ್ಣ. ಕೆಂಪಿನ ಸುಳಿವೇ ಇಲ್ಲ. ಮೇಷ್ಟ್ರು ಅದನ್ನೇ ನೋಡಿದರು. ನೇರಳೆಯನ್ನು ಇಟ್ಟಿಗೆ ಮಾಡಿದ ಬಲ್ಬು. ಅದೇ ಬಲ್ಬು. ಅದೇ ಬಲ್ಬಿನ ಕೆಳಗೆ ತಾವು ಬೆನ್ನು ನೋಡಿಕೊಂಡು, ಒಳ್ಳೆಯ ಗಟ್ಟಿ ಕಂದು ಎಂದು ಒಪ್ಪಿಗೆ ಕೊಟ್ಟು ಬಂದಿದ್ದರು.

ಮೆಟ್ಟಿಲ ಮೇಲಿನ ಕಾಲನ್ನು, ಕೆಂಡ ತುಳಿದವರಂತೆ, ಕೆಳಗಿಳಿಸಿದರು. ಹಿಂದೆ ಹಿಂದೆ ನಡೆದು ಅಂಗಳದ ಮಧ್ಯಕ್ಕೆ ಬಂದರು. ಅಲ್ಲಿಯೂ ಸಾಲದೆ ಆಚೆ ಗೋಡೆಯವರೆಗೂ ಹೋದರು.

"ತಾತ, ನಿಂಗೆ ಇದು ಬಂದು ಹೋಗಿದೆ ತಾನೆ? ಬಾ ಇಲ್ಲಿ. ನನ್ನ ಬೆನ್ನು ನೋಡು."

ತಾತ ಅಂಗಿ ಮೇಲೆತ್ತಿ ಬಿಸಿಲಿಗೆ ತಿರುಗಿಸಿ ನೋಡಿದ. "ಸುತ್ತ ಒಣಗೈತೆ. ಮಧ್ಯದಲ್ಲಿ ಇನ್ನೂ ನೀರೈತೆ ಮೇಷ್ಟ್ರೆ. ಬಿಸಿಲಿಗೆ ಮಿಣುಕ್ ಅಂತದೆ."

ಮೇಷ್ಟ್ರು ಅಲ್ಲಿದ್ದ ಖಾಲಿ ಡ್ರಮ್ಮಿನ ಮೇಲೆ ಕೂತರು. ಹನ್ನೊಂದು ಮೆಟ್ಟಿಲು. ಊರಿಗೆಲ್ಲ ಬುದ್ಧಿ ಹೇಳುವ ದೊಡ್ಡ ಮನುಷ್ಯ, ಹನ್ನೊಂದು ಮೆಟ್ಟಿಲು ಹತ್ತಿ, ಮುಚ್ಚಿದ ಕೋಣೆಯಲ್ಲಿ ಅವಳ ಪಕ್ಕ ಕೂತು, ಉಸಿರಾಡುತ್ತ... ಮುಂದಕ್ಕೆ ಯೋಚಿಸಲಾಗಲಿಲ್ಲ. ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡರು. ನಾಚಿಕೆಯೋ ಭಯವೋ, ಕಣ್ಣಲ್ಲಿ ನೀರು ಬಂತು.

"ಹೋಗಿ ಅವಳಿಗೆ ಹೇಳು ತಾತ, ಕೆಳಗೆ ಇಳೀಬಾರ್ದು ಅಂತ. ನಾನೇ ಬಂದಿದೀನಿ, ಹೋಗ್ತೀನಿ ಅಂತ."

ತಾತ ಮೆಟ್ಟಿಲ ಬುಡದಲ್ಲಿ ನಿಂತು ಕೂಗಿ ಹೇಳಿ ಬಾಯ್ಲರಿನ ಕಡೆ ಹೋದ. ಮೇಷ್ಟ್ರು ಏಳಬೇಕು ಅನ್ನುವಷ್ಟರಲ್ಲಿ ಮಹಡಿಯ ಕಿಟಕಿ ತೆರೆಯಿತು. ಅಂಗಳದ ಅಗಲವಷ್ಟೂ ನಡುವೆ ಇತ್ತು, ಮೇಲೊಂದು ಮಹಡಿಯ ಎತ್ತರ.

"ಮೇಷ್ಟ್ರೆ! ಅಯ್ಯೋ, ಎಷ್ಟು ಇಳ್ದುಹೋಗಿದೀರಿ! ಊಟ ಮಾಡ್ತಿದೀರೋ ಇಲ್ವೋ?"

"ನನ್ನ ಊಟ ಇರ್ಲಿ. ನೀನು ಅಲ್ಲೇ ಇರು."

"ಇಲ್ಲೇ ಇದೀನಿ. ನೀವೂ ಅಲ್ಲೇ ಇರಿ, ಇದನ್ನ ನೋಡ್ಕೊಂಡು ಹೋಗಿ."

ಕಿಟಕಿಗೆ ಅಡ್ಡ ಕಟ್ಟಿದ ದಾರಕ್ಕೆ ಅವಳು ಹಳೆಯ ಪರದೆಯ ಒಂದು ತುಂಡನ್ನು ಕ್ಲಿಪ್ಪು ಹಾಕಿ ಸಿಕ್ಕಿಸಿದಳು. ಅದರ ಪಕ್ಕಕ್ಕೆ ಈಗಷ್ಟೇ ಅದ್ದಿ ತೆಗೆದ ಹೊಸ ತುಂಡು. ಅದರಿಂದ ನೀರು ತೊಟ್ಟಿಕ್ಕಿ ಗೋಡೆಯ ಮೇಲೆ ಗೆರೆ ಇಳಿಯಿತು. ಹೊಸದು ಕಪ್ಪಾಗಿತ್ತು, ಬಹಳ ಕಪ್ಪು. ಬೂದಿಗೆ ಇನ್ನೊಂದು ಚಿಟಿಕೆ ಹಳದಿ ಬೇಕು ಅನ್ನುವ ಮಾತು ಮೇಷ್ಟ್ರ ಗಂಟಲವರೆಗೂ ಬಂತು.

"ಈಗ್ಲೇ ಏನೂ ಹೇಳ್ಬೇಡಿ" ಅಂದಳು ಚೀಟಿ ಮೇಲಿನಿಂದ. "ಒಣಗ್ಲಿ."

ತಮ್ಮದೇ ಮಾತು ಮಹಡಿಯಿಂದ ಇಳಿದು ಬಂದದ್ದಕ್ಕೆ ಮೇಷ್ಟ್ರು ನಕ್ಕರು. ಹಾಗೇ ಕೂತರು. ಯಂತ್ರಗಳು ಇನ್ನೂ ಶುರುವಾಗಿರಲಿಲ್ಲ. ಬಾಯ್ಲರಿನ ಬಿಳಿ ಆವಿ ಗೋಡೆಯ ಮೇಲೆ ಹಾದು, ಕಿಟಕಿಯನ್ನು ಒಮ್ಮೆ ಮಸುಕು ಮಾಡಿ, ಮತ್ತೆ ಬಿಟ್ಟುಕೊಡುತ್ತಿತ್ತು. ಗಾಳಿಗೆ ಎರಡು ತುಂಡುಗಳೂ ಮೆಲ್ಲಗೆ ತಿರುಗುತ್ತಿದ್ದವು. ಬೆನ್ನಿಗೆ ಬಿಸಿಲು ಹಿತವಾಗಿ ಬೀಳುತ್ತಿತ್ತು. ಮೇಷ್ಟ್ರಿಗೆ ಕಣ್ಣು ಎಳೆಯಿತು. ಎಚ್ಚರವೋ ನಿದ್ದೆಯೋ, ಪರದೆ ಮತ್ತೆ ಇಳಿಯುತ್ತಿತ್ತು, ಈ ಸಲ ಅದರ ಆಚೆಗೆ ಯಾರೂ ಅವರಿಗಾಗಿ ಕಾಯುತ್ತಿರಲಿಲ್ಲ, ಎಲ್ಲರೂ ಈಚೆಯೇ ಇದ್ದರು.

"ಮೇಷ್ಟ್ರೆ."

ಕಣ್ಣು ಬಿಟ್ಟರು. ಚೀಟಿ ಅಂಗಳದ ಆ ಕಡೆ ಈ ಕಡೆ ನೋಡಿ, ತಾತ ಒಳಗಿದ್ದಾನೆಂದು ಖಾತ್ರಿ ಮಾಡಿಕೊಂಡು, ಕಿಟಕಿಯಿಂದ ಸ್ವಲ್ಪ ಬಾಗಿದಳು. "ಮೊನ್ನೆಯಿಂದ ಅಲುಗಾಡ್ತಾ ಇದೆ" ಅಂದಳು. "ಹಿಂದಿನ ಎರಡು ಸಲ ಇಲ್ಲೀವರೆಗೂ ಬಂದೇ ಇರ್ಲಿಲ್ಲ."

ಮೇಷ್ಟ್ರು ಜೇಬಿನ ಚೂರನ್ನು ಬಿಗಿಯಾಗಿ ಹಿಡಿದುಕೊಂಡರು. "ಒಳ್ಳೇದಾಯ್ತಮ್ಮ" ಅಂದರು, ಬಹಳ ಮೆಲ್ಲಗೆ. ಅವಳಿಗೆ ಕೇಳಿಸಿತೋ ಇಲ್ಲವೋ.

ಬಿಸಿಲು ಗೋಡೆಯ ಒದ್ದೆ ಗೆರೆಯನ್ನು ಕುಡಿದು ಮುಗಿಸಿತು. ದಾರದ ಮೇಲಿನ ಕಪ್ಪು ನಿಧಾನವಾಗಿ ಬಿಟ್ಟುಕೊಟ್ಟಿತು. ಮೊದಲು ಅಂಚು, ಆಮೇಲೆ ಮಧ್ಯ. ಒಂದು ಹೊತ್ತಿನಲ್ಲಿ ಯಾವುದು ಹಳೆಯದು ಯಾವುದು ಹೊಸದು ಎಂದು ಕೆಳಗಿನಿಂದ ಗೊತ್ತಾಗಲಿಲ್ಲ. ಮೇಷ್ಟ್ರು ಎದ್ದು ನಿಂತು ಕಣ್ಣು ಕಿರಿದು ಮಾಡಿ ನೋಡಿದರು. ತಾವಾಗಿದ್ದರೆ ಆ ಹಳದಿ ಹಾಕಿಬಿಡುತ್ತಿದ್ದರು, ಹಾಕಿ ಕೆಡಿಸುತ್ತಿದ್ದರು.

ಚೀಟಿ ಕೈಚಾಚಿ ಹೊಸ ತುಂಡನ್ನು ಹೊಸಕಿ ನೋಡಿದಳು. ಎರಡನ್ನೂ ಪಕ್ಕಪಕ್ಕ ಹಿಡಿದಳು. ಕೆಳಗೆ ನೋಡಲಿಲ್ಲ, ಕೇಳಲೂ ಇಲ್ಲ.

"ಸರಿಯಾಗಿದೆ" ಅಂದಳು. ಡಬ್ಬಿಯಿಂದ ಪಿನ್ನು ತೆಗೆದು, ಚೀಟಿ ಬರೆದು ಚುಚ್ಚಿದಳು.

ಮೇಷ್ಟ್ರ ಎದೆಯಲ್ಲಿ ಏನೋ ಚುರ್ ಅಂದು, ಆಮೇಲೆ ತಣ್ಣಗಾಯಿತು. ಮೂಗುಬಾಯಿಯ ಬಟ್ಟೆಯನ್ನು ಬಿಗಿ ಮಾಡಿಕೊಂಡರು. ಗೇಟಿನ ಹತ್ತಿರ ಹೋಗುವಷ್ಟರಲ್ಲಿ ಹಿಂದಿನಿಂದ ಕೂಗು ಕೇಳಿಸಿತು.

"ಮೇಷ್ಟ್ರೆ! ಯಾವಾಗ ಬರ್ತೀರಿ? ಇನ್ನೂ ಎಷ್ಟು ಉಳಿದಿವೆ?"

ಮೇಷ್ಟ್ರು ತಿರುಗಿದರು. ಮಹಡಿಯ ಕಿಟಕಿಯಲ್ಲಿ ಆವಿಯ ನಡುವೆ ಅವಳ ಮುಖ, ಕೆಳಗಿನಿಂದ ನೋಡುವಾಗ, ಏಳು ವರ್ಷದವಳ ಮುಖದಷ್ಟು ಚಿಕ್ಕದಾಗಿತ್ತು. ಅವರು ಕೈ ಮೇಲೆತ್ತಿ, ಅವಳಿಗೆ ಚೆನ್ನಾಗಿ ಕಾಣಲೆಂದು ಅಷ್ಟೆತ್ತರಕ್ಕೆ ಚಾಚಿ, ಒಂದು ಬೆರಳು ತೋರಿಸಿದರು.